ಕಾಲಿನಷ್ಟು ಹಾಸಿಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ದುಡ್ಡಿನ ವ್ಯವಹಾರಕ್ಕೆ ಹುಟ್ಟಿದ್ದು. ಗಳಿಕೆ ಮೀರಿ ಖರ್ಚು ಮಾಡಬೇಡ, ಸಾಲದ ಮೇಲೆ ಮದುವೆ ಮಾಡಬೇಡ ಎನ್ನಲು ಹಿರಿಯರು ಅದನ್ನು ಹೇಳಿದರು. ಆ ಅರ್ಥದಲ್ಲಿ ಅದು ಇಂದಿಗೂ ಸರಿಯೇ. ಅದೇ ಗಾದೆಯನ್ನು ಎಲುಬು ಮಾಂಸದ ನಿಜವಾದ ಕಾಲಿಗೆ ಹಚ್ಚಿದಾಗ ಮಾತ್ರ ಅದು ದಾರಿ ತಪ್ಪುತ್ತದೆ. ಆರಡಿ ದಾಟಿದ ಆಳೊಬ್ಬ ಹಳೆಯ ಫಿಯಾಟ್ ಕಾರಿನಲ್ಲಿ ಮೊಣಕಾಲನ್ನು ಸ್ಟೇರಿಂಗಿಗೆ ತಾಗಿಸಿಕೊಂಡು, ತಲೆ ಟಾಪಿಗೆ ಬಡಿಯದಂತೆ ಕತ್ತು ಬಗ್ಗಿಸಿ ಓಡಿಸುವುದನ್ನು ಕಂಡವರು, ಹಳೇ ಗಾಡಿ ಅಂದರೆ ಹಂಗೇ, ಹೊಂದಿಕೊಂಡು ಹೋಗಬೇಕು ಎನ್ನುತ್ತಾರೆ. ನಮ್ಮ ಕಲಬುರಗಿ ಸೀಮೆಯಲ್ಲಿ ಇಜೇರಿಯಿಂದ ಜೇವರ್ಗಿಗೆ, ಅಫಜಲಪುರದಿಂದ ಆಳಂದಕ್ಕೆ, ಎಲ್ಲಿ ಒಂದು ಹಳೆಯ ಅಂಬಾಸಿಡರ್, ಪದ್ಮಿನಿ ಅಥವಾ ಜೀಪು ಇನ್ನೂ ಉಸಿರಾಡುತ್ತಿದೆಯೋ ಅಲ್ಲೆಲ್ಲ ಈ ಮಾತು ಚಲಾವಣೆಯಲ್ಲಿದೆ. ಇದನ್ನು ಒಪ್ಪಬೇಕಾಗಿಲ್ಲ ಎಂಬುದು ನನ್ನ ವಾದ. ಕಾರಿನ ಮೈಯನ್ನು ಕತ್ತರಿಸದೆ, ನಾಳೆ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಕೆಲಸಗಳಿಂದಲೇ ಎತ್ತರದ ಚಾಲಕನನ್ನು ಹೆಚ್ಚಿನ ಹಳೆಯ ಕಾರುಗಳಲ್ಲಿ ನೆಟ್ಟಗೆ ಕೂಡಿಸಬಹುದು. ಅಷ್ಟೇ ಅಲ್ಲ, ಹಾಗೆ ಕೂಡಿಸಿದರೆ ಕಾರೂ ಹೆಚ್ಚು ದಿನ ಬಾಳುತ್ತದೆ.

ಈ ನೆಲಕ್ಕೆ ಇದು ಹೊಸ ವಿಚಾರವಲ್ಲ. ಎರೆಹೊಲದಲ್ಲಿ ಉಳುವವನ ಮೇಳಿ ಎಷ್ಟು ಎತ್ತರಕ್ಕಿರಬೇಕು ಎಂಬುದನ್ನು ಬಡಗಿ ಉಳುವವನ ಕೈ ನೋಡಿ ತೀರ್ಮಾನಿಸುತ್ತಿದ್ದ. ಮೇಳಿ ತಗ್ಗಾದರೆ ಸಂಜೆಗೆ ಸೊಂಟ ಹಿಡಿಯುತ್ತದೆ, ಎತ್ತರವಾದರೆ ಒತ್ತು ಬೀಳುವುದಿಲ್ಲ, ಸಾಲು ಮೇಲಾಗುತ್ತದೆ. ಗೇಣು, ಮೊಳ, ಮಾರು ಎಂಬ ಅಳತೆಗಳೇ ಮೈಯಿಂದ ಬಂದವು. ಮನುಷ್ಯನ ಅಳತೆಗೆ ಸಾಮಾನು ಎಂಬುದು ಸುತ್ತಿಗೆ ಉಳಿ ಹಿಡಿದವರ ಮೊದಲ ಪಾಠವಾಗಿತ್ತು. ಕಾರು ಬಂದಾಗ ಈ ಪಾಠ ಕೈಬಿಟ್ಟು ಹೋಯಿತು, ಏಕೆಂದರೆ ಕಾರು ದೂರದ ಕಾರ್ಖಾನೆಯಲ್ಲಿ ಒಂದೇ ಅಚ್ಚಿನಲ್ಲಿ ತಯಾರಾಗುತ್ತಿತ್ತು. ಓಡಿಸುವವನು ಯಾರೆಂದು ಅದನ್ನು ಮಾಡಿದವನಿಗೆ ಗೊತ್ತಿರಲಿಲ್ಲ. ಇನ್ನೊಂದು ಕಾರಣವೂ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕಾರಿನ ಮೊದಲ ದಶಕಗಳಲ್ಲಿ, ನಮ್ಮ ದೇಶದಲ್ಲಂತೂ, ಕಾರು ಕೊಂಡವನು ಬೇರೆ, ಓಡಿಸುವವನು ಬೇರೆ. ಕಲಬುರಗಿ ಸೀಮೆ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನದ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1911ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮಾಡಲು ಹೇಳಿದ ಹಳದಿ ಬಣ್ಣದ ರೋಲ್ಸ್-ರಾಯ್ಸ್ ಸಿಲ್ವರ್ ಘೋಸ್ಟ್ ಇಂದಿಗೂ ಹೆಸರುವಾಸಿ. ಬಾರ್ಕರ್ ಎಂಬ ಸಂಸ್ಥೆ ಕಟ್ಟಿದ ಅದರ ಹಿಂಭಾಗದಲ್ಲಿ ದೊರೆಗಾಗಿ ಸಿಂಹಾಸನದಂತೆ ಎತ್ತರದ ಆಸನ ಇಟ್ಟರು. ಕಾರಿನ ರೂಪವೇ ಆ ಆಸನದ ಸುತ್ತ ಬೆಳೆಯಿತು. ಅಂದರೆ ಕೂರುವವನ ಮೈಗೆ ಕಾರು ಹೊಂದಿಸಬಹುದು ಎಂಬುದು ಆಗಲೇ ಗೊತ್ತಿತ್ತು. ಹಿಂದೆ ಕೂರುವವನಿಗಷ್ಟೇ ಆ ಉಪಚಾರ ನಡೆಯುತ್ತಿತ್ತು. ದೊಡ್ಡ ಕಾರುಗಳಲ್ಲಿ ಚಾಲಕನಿಗೂ ಯಜಮಾನನಿಗೂ ನಡುವೆ ಗಾಜಿನ ಅಡ್ಡಗೋಡೆ ಇದ್ದಾಗ ಮುಂದಿನ ಸೀಟು ಆ ಗೋಡೆಗೆ ಅಂಟಿ ನಿಂತಿರುತ್ತಿತ್ತು, ಹಿಂದೆ ಸರಿಯಲು ಜಾಗವೇ ಇಲ್ಲ. ಯಜಮಾನನ ಕಾಲಿಗೆ ಜಾಗ ಬೇಕಾದರೆ ಚಾಲಕನ ಮೊಣಕಾಲು ಮಡಚಿಕೊಳ್ಳಬೇಕು. ಹಳೆಯ ಗಾಡಿ ಅಂದರೆ ಹಂಗೇ ಎಂಬ ಮಾತಿನ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಚಾಲಕನ ಕಾಲು ಯಾರ ಲೆಕ್ಕದಲ್ಲೂ ಇರಲಿಲ್ಲ, ಅವನನ್ನು ಯಾರೂ ಕೇಳಲಿಲ್ಲ. ಹಿಂದಿನವರು ಓಡಿಸಲಿಲ್ಲವೇ ಎಂದು ಕೇಳುವವರು ಇದನ್ನು ನೆನಪಿಡಬೇಕು. ಓಡಿಸಿದರು, ನಿಜ. ಅವರ ಬೆನ್ನುನೋವನ್ನು ಬರೆದಿಟ್ಟವರಿಲ್ಲ.

ಸಾಮಾನ್ಯರ ಕಾರುಗಳಲ್ಲಿ ಅಡ್ಡಿಯಾದದ್ದು ಬೇರೆ ಸಂಗತಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಹೆಚ್ಚಿನ ಮಾದರಿಗಳಲ್ಲಿ ಪೆಟ್ರೋಲ್ ಟ್ಯಾಂಕು ಮುಂದಿನ ಸೀಟಿನ ಕೆಳಗೇ ಇತ್ತು. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲೂ ಹಾಗೇ: ಚಾಲಕನ ಗಾದಿ ಎತ್ತಿ ಪೆಟ್ರೋಲ್ ಹಾಕಬೇಕು. ಟ್ಯಾಂಕಿನ ಮೇಲೆ ಕೂರುವವನನ್ನು ಕೆಳಗಿಳಿಸುವುದು ಹೇಗೆ? ಯುದ್ಧ ಮುಗಿದ ಮೇಲೆ ಉಕ್ಕು ದುರ್ಲಭವಾಗಿದ್ದ ಕಾಲದಲ್ಲಿ ಯೂರೋಪಿನ ಸಣ್ಣ ಕಾರುಗಳು ಇಂಚಿಂಚನ್ನೂ ಉಳಿಸಿ ಮಾಡಿದಂಥವು. ನಮ್ಮಲ್ಲಿಗೆ ಬಂದದ್ದು ಅವೇ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಕಾರು ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್ ಆಗಿ 2014ರವರೆಗೆ ಬಾಳಿತು. ಇಟಲಿಯ ಫಿಯಾಟ್ 1100 ಮುಂಬೈಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಪದ್ಮಿನಿ ಆಯಿತು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಅಂಬಾಸಿಡರಿನಲ್ಲಿ 97 ಇಂಚು, ಪದ್ಮಿನಿಯಲ್ಲಿ ಸುಮಾರು 92 ಇಂಚು. ನೆಲದಿಂದ ಟಾಪಿನ ಎತ್ತರ ಅಂಬಾಸಿಡರಿಗೆ ಸುಮಾರು 5 ಅಡಿ 3 ಇಂಚು, ಪದ್ಮಿನಿಗೆ 4 ಅಡಿ 10 ಇಂಚಿನ ಆಸುಪಾಸು. ಎತ್ತರದ ಆಳು ಅಂಬಾಸಿಡರಿನಲ್ಲಿ ನಿರಾಳವಾಗಿ, ಪದ್ಮಿನಿಯಲ್ಲಿ ಮುದುಡಿ ಕೂರುವುದಕ್ಕೆ ಕಾರಣ ಈ ಐದೈದು ಇಂಚುಗಳಲ್ಲಿದೆ. ಇಂಚುಗಳ ಬೆಲೆ ತಯಾರಕರಿಗೂ ಗೊತ್ತಿತ್ತು. ನಮ್ಮಲ್ಲಿ ಬೇಬಿ ಹಿಂದುಸ್ತಾನ್ ಎಂದು ಬಂದ ಮಾರಿಸ್ ಮೈನರ್ ಕಾರನ್ನು ರೂಪಿಸಿದ ಅಲೆಕ್ ಇಸಿಗೊನಿಸ್, 1948ರಲ್ಲಿ ಅದು ಮಾರಾಟಕ್ಕೆ ಬರುವ ಮೊದಲು ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸಿ ನೋಡಿ, ಅಗಲವನ್ನು 4 ಇಂಚು ಹೆಚ್ಚಿಸಿದರು. ಬಂಪರುಗಳು ಆಗಲೇ ತಯಾರಾಗಿದ್ದರಿಂದ ಅವನ್ನೂ ಕತ್ತರಿಸಿ ನಡುವೆ ತುಂಡು ಸೇರಿಸಬೇಕಾಯಿತು.

ಈಗ ಎತ್ತರದ ಆಳು ಎಂದರೆ ಯಾರು ಎಂಬ ಪ್ರಶ್ನೆಗೆ ಬರೋಣ. ಬಹುಪಾಲು ತಪ್ಪು ಇಲ್ಲೇ ಆಗುತ್ತದೆ. ಆರಡಿ ಎತ್ತರದ ಇಬ್ಬರನ್ನು ಅಕ್ಕಪಕ್ಕ ಸ್ಟೂಲಿನ ಮೇಲೆ ಕೂಡಿಸಿ ನೋಡಿದರೆ ಅವರ ತಲೆಗಳು ಒಂದೇ ಮಟ್ಟದಲ್ಲಿರುತ್ತವೆ ಎಂಬ ಖಾತರಿ ಇಲ್ಲ. ಕೂತಾಗಿನ ಎತ್ತರ ನಿಂತಾಗಿನ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ ಒಬ್ಬನ ಕಾಲು ಉದ್ದ, ಇನ್ನೊಬ್ಬನ ಮುಂಡ ಉದ್ದ. ಎರಡು ಮೂರು ಇಂಚು ವ್ಯತ್ಯಾಸ ಅಪರೂಪವಲ್ಲ. ಕಾಲು ಉದ್ದದವನಿಗೆ ಬೇಕಾದದ್ದು ಸೀಟು ಹಿಂದೆ ಸರಿಯುವುದು, ಮುಂಡ ಉದ್ದದವನಿಗೆ ಬೇಕಾದದ್ದು ಸೀಟು ಕೆಳಗಿಳಿಯುವುದು. ಒಬ್ಬನಿಗೆ ಮಾಡಿದ ಚಿಕಿತ್ಸೆ ಇನ್ನೊಬ್ಬನಿಗೆ ರೋಗವಾದೀತು. ಇದಕ್ಕೆ ಬಲವಾದ ಸಾಕ್ಷಿ ಅಮೆರಿಕದ ವಾಯುಪಡೆಯಿಂದ ಬಂದಿದೆ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕ 4,063 ವಿಮಾನ ಚಾಲಕರ ಅಳತೆಗಳನ್ನು ಕೂಡಿಸಿ, ವಿಮಾನದಲ್ಲಿ ಕೂರುವುದಕ್ಕೆ ಮುಖ್ಯವಾದ ಹತ್ತು ಅಳತೆಗಳಲ್ಲಿ ಸರಾಸರಿಗೆ ಹತ್ತಿರ ಇರುವವರು ಎಷ್ಟು ಜನ ಎಂದು ಹುಡುಕಿದ. ಹತ್ತರಲ್ಲೂ ಸರಾಸರಿಯವನು ಒಬ್ಬನೂ ಸಿಗಲಿಲ್ಲ. 1952ರಲ್ಲಿ ಬಂದ ಆ ವರದಿಯ ತಿರುಳು ಸರಳ: ಸರಾಸರಿ ಮನುಷ್ಯನಿಗೆಂದು ಮಾಡಿದ ಸೀಟು ಯಾರಿಗೂ ಸರಿಯಾಗಿ ಹೊಂದುವುದಿಲ್ಲ. ಹೊಂದಿಸಿಕೊಳ್ಳಬಲ್ಲ ಸೀಟು, ಪೆಡಲು, ಪಟ್ಟಿಗಳಿಗೆ ಅಲ್ಲಿಂದ ಬಲ ಬಂತು. ನಮ್ಮ ದೇಶದಲ್ಲೂ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ದೇಬಕುಮಾರ್ ಚಕ್ರವರ್ತಿಯವರು ಸಿದ್ಧಪಡಿಸಿದ ಭಾರತೀಯರ ದೇಹದ ಅಳತೆಗಳ ಗ್ರಂಥವನ್ನು ಪ್ರಕಟಿಸಿತು. ಅಂಬಾಸಿಡರ್, ಪದ್ಮಿನಿಗಳಲ್ಲಿ ನಮ್ಮ ಚಾಲಕರು ಕೂತದ್ದು ಬ್ರಿಟಿಷ್ ಮತ್ತು ಇಟಾಲಿಯನ್ ಅಳತೆಯ ಮೇಲೆ.

ಆದ್ದರಿಂದ ಮಿಸ್ತ್ರಿಯ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಅಳತೆ ತೆಗೆಯಬೇಕು. ಗೋಡೆಗೆ ಬೆನ್ನು ಹಚ್ಚಿ ಗಟ್ಟಿ ಸ್ಟೂಲಿನ ಮೇಲೆ ಕೂತು, ಸ್ಟೂಲಿನಿಂದ ನೆತ್ತಿಯವರೆಗೆ ಒಂದು ಅಳತೆ, ಗೋಡೆಯಿಂದ ಮೊಣಕಾಲ ತುದಿಯವರೆಗೆ ಒಂದು, ನೆಲದಿಂದ ಮೊಣಕಾಲ ಮೇಲ್ತುದಿಯವರೆಗೆ ಇನ್ನೊಂದು. ಆಮೇಲೆ ಕಾರಿನಲ್ಲಿ ಸೀಟಿನ ಗಾದಿಯಿಂದ ಟಾಪಿನವರೆಗೆ, ಸೀಟಿನ ಬೆನ್ನಿನಿಂದ ಬ್ರೇಕ್ ಪೆಡಲಿನವರೆಗೆ, ಗಾದಿಯಿಂದ ಸ್ಟೇರಿಂಗ್ ಚಕ್ರದ ಕೆಳಅಂಚಿನವರೆಗೆ. ಗಾದಿಯನ್ನು ಅಳೆಯುವಾಗ ಅದರ ಮೇಲೆ ಯಾರಾದರೂ ಕೂತಿರಬೇಕು, ಖಾಲಿ ಗಾದಿಯ ಅಳತೆ ಮೋಸ ಮಾಡುತ್ತದೆ. ಎಲ್ಲ ಅಳತೆಗೂ ಸೊಂಟವೇ ಮೂಲ, ತಲೆಯಲ್ಲ. ತಲೆ ತಾಗುತ್ತದೆ ಎಂದು ಟಾಪನ್ನು ನೋಡುತ್ತ ಕೂರುವವರು ಸೊಂಟ ಎಲ್ಲಿ ಕೂತಿದೆ ಎಂಬುದನ್ನು ಮರೆಯುತ್ತಾರೆ. ಸೊಂಟ ಒಂದಿಂಚು ಇಳಿದರೆ ತಲೆಯೂ ಒಂದಿಂಚು ಇಳಿಯುತ್ತದೆ. ತಲೆಗೂ ಟಾಪಿಗೂ ನಡುವೆ ನಾಲ್ಕು ಬೆರಳು ಖಾಲಿ ಇರಲೇಬೇಕು. ನಮ್ಮ ರಸ್ತೆಯಲ್ಲಿ ಪಟ್ಟಾ ಸ್ಪ್ರಿಂಗಿನ ಗಾಡಿ ಕುಣಿ ಹಾರಿದಾಗ ಆ ನಾಲ್ಕು ಬೆರಳೇ ತಲೆ ಕಾಯುವುದು. ಇನ್ನು ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲು ನಲವತ್ತು ಡಿಗ್ರಿ ದಾಟಿ ಕಬ್ಬಿಣದ ಟಾಪು ಕಾದಾಗ, ಅದಕ್ಕೆ ನೆತ್ತಿ ತಾಗಿಸಿಕೊಂಡು ಓಡಿಸುವುದು ಹಟವಷ್ಟೇ.

ಮೊದಲ ಕೆಲಸ ಗಾದಿಯದು, ಅತಿ ಕಡಿಮೆ ಖರ್ಚಿನದೂ ಅದೇ. ಹಳೆಯ ಸೀಟುಗಳ ಒಳಗೆ ಸುರುಳಿ ಸ್ಪ್ರಿಂಗು, ಅದರ ಮೇಲೆ ನಾರು, ಅದರ ಮೇಲೆ ಬಟ್ಟೆ ಅಥವಾ ರೆಕ್ಸಿನ್ ಇರುತ್ತಿತ್ತು. ವರ್ಷಗಳು ಕಳೆದಂತೆ ಸ್ಪ್ರಿಂಗು ಕುಸಿದಾಗ ಯಜಮಾನರು ಕುಶನ್ ಅಂಗಡಿಗೆ ಒಯ್ಯುತ್ತಾರೆ. ಅಂಗಡಿಯವರು ಗಿರಾಕಿ ಮೆಚ್ಚಲೆಂದು ಸ್ಪ್ರಿಂಗಿನ ಮೇಲೆ ದಪ್ಪ ಫೋಮ್ ಏರಿಸಿ ಉಬ್ಬಿದ ಸೀಟು ಕೊಡುತ್ತಾರೆ. ನೋಡಲು ಹೊಸ ಸೋಫಾದಂತೆ ಚಂದ, ಆದರೆ ಕೂತವನು ತಯಾರಕರು ಉದ್ದೇಶಿಸಿದ್ದಕ್ಕಿಂತ ಎರಡಿಂಚು ಮೇಲೆ ಕೂತಿರುತ್ತಾನೆ. ಪದ್ಮಿನಿ ಚಿಕ್ಕ ಕಾರು ಎಂದು ದೂರುವವರ ಎಷ್ಟೋ ದೂರುಗಳು ಈ ಫೋಮಿನ ಮೇಲೆ ಹೋಗಬೇಕು. ಎತ್ತರದವನಿಗೆ ಬೇಕಾದದ್ದು ತೆಳುವಾದರೂ ಗಟ್ಟಿಯಾದ ತುಂಬು. ಕೈಯಲ್ಲಿ ಒತ್ತಿದರೆ ತಟ್ಟನೆ ತಳ ಮುಟ್ಟುವ ಮೃದು ಫೋಮ್ ದಪ್ಪವಿದ್ದೂ ಪ್ರಯೋಜನವಿಲ್ಲ. ಸಾಂದ್ರ ಫೋಮಿನ ಎರಡಿಂಚು, ಕೆಳಗೆ ಅಗಲ ಪಟ್ಟಿಗಳ ಹೆಣಿಗೆ ಇದ್ದರೆ ಮೂಳೆಗೆ ಪೆಟ್ಟಾಗದೆ ಸೊಂಟ ಇಳಿಯುತ್ತದೆ. ನಮ್ಮ ಹವೆಗೆ ಮೇಲಿನ ಪದರದಲ್ಲಿ ನಾರು ಉಳಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದರೊಳಗೆ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಹಳೆಯ ಸ್ಪ್ರಿಂಗಿನ ಚೌಕಟ್ಟನ್ನು ಮಾತ್ರ ಗುಜರಿಗೆ ಹಾಕಬಾರದು.

ಗಾದಿ ಸಾಲದೆ ಹೋದರೆ ಸೀಟಿನ ಚಾನಲ್ ಕಡೆ ನೋಡಬೇಕು. ಹಳೆಯ ಅಂಬಾಸಿಡರಿನಲ್ಲೂ ಪದ್ಮಿನಿಯಲ್ಲೂ ಹೆಚ್ಚಾಗಿ ಮುಂದಿನದು ಉದ್ದನೆಯ ಒಂದೇ ಸೀಟು, ಗೇರು ಸ್ಟೇರಿಂಗಿನ ಕೋಲಿಗೆ ಅಂಟಿರುತ್ತದೆ. ಆ ಸೀಟು ಜಾರುವ ಚಾನಲ್ ಹಿಂದಿನ ತುದಿಗೆ ಬಂದು ನಿಂತಮೇಲೂ ಮೊಣಕಾಲಿಗೆ ಜಾಗ ಸಾಲದಿದ್ದರೆ, ನೆಲಕ್ಕೂ ಚಾನಲ್ಲಿಗೂ ನಡುವೆ ದಪ್ಪ ಕಬ್ಬಿಣದ ಪಟ್ಟಿಯೊಂದನ್ನು ಇಟ್ಟು, ಅದರ ಒಂದು ತುದಿಯನ್ನು ನೆಲದ ಹಳೆಯ ತೂತುಗಳಿಗೂ ಇನ್ನೊಂದು ತುದಿಯನ್ನು ಚಾನಲ್ಲಿಗೂ ಬಿಗಿದರೆ ಸೀಟು ಎರಡಿಂಚು ಹಿಂದೆ ಹೋಗುತ್ತದೆ. ನೆಲದಲ್ಲಿ ಹೊಸ ತೂತು ಬೇಡ, ವೆಲ್ಡಿಂಗ್ ಅಂತೂ ಬೇಡವೇ ಬೇಡ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ಇರಲಿ. ಬ್ರೇಕ್ ಹಾಕಿದಾಗ ಮನುಷ್ಯನ ಭಾರವೆಲ್ಲ ಆ ಬೋಲ್ಟುಗಳ ಮೇಲೆ ಬೀಳುತ್ತದೆ. ಸೀಟಿನ ಮುಂದಿನ ಬೋಲ್ಟುಗಳ ಕೆಳಗೆ ಅರ್ಧ ಇಂಚು ದಪ್ಪದ ಬಿಲ್ಲೆ ಇಟ್ಟರೆ ಗಾದಿ ಹಿಂದಕ್ಕೆ ಓರೆಯಾಗಿ ತೊಡೆಗೆ ಆಧಾರ ಸಿಗುತ್ತದೆ. ಬೆನ್ನನ್ನು ಓರೆ ಮಾಡುವುದರಿಂದಲೂ ತಲೆ ಇಳಿಯುತ್ತದೆ, ಎಷ್ಟು ಎಂಬುದನ್ನು ಲೆಕ್ಕ ಹಾಕಿ ಹೇಳಬಹುದು. ಕೂತಾಗ 90 ಸೆಂಟಿಮೀಟರ್ ಇರುವವನ ಬೆನ್ನು ನೆಟ್ಟಗಿನಿಂದ 10 ಡಿಗ್ರಿ ಓರೆಯಾಗಿದ್ದದ್ದು 20 ಡಿಗ್ರಿಗೆ ಹೋದರೆ ನೆತ್ತಿ 4 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಆದರೆ ಅದೇ ಹೊತ್ತಿಗೆ ಅವನ ಹೆಗಲು ಸುಮಾರು 10 ಸೆಂಟಿಮೀಟರ್ ಹಿಂದೆ ಹೋಗುತ್ತದೆ, ಸ್ಟೇರಿಂಗು ಕೈಗೆ ದೂರವಾಗುತ್ತದೆ. ಈ ಕೊಡುಕೊಳ್ಳುವಿಕೆ ಪ್ರತಿ ಹೆಜ್ಜೆಗೂ ಇದೆ, ಆದ್ದರಿಂದಲೇ ಅವಸರ ಸಲ್ಲದು.

ಸ್ಟೇರಿಂಗ್ ಚಕ್ರ ಆ ಕಾಲದ ಕಾರುಗಳಲ್ಲಿ ದೊಡ್ಡದಾಗಿರುವುದಕ್ಕೆ ಕಾರಣವಿದೆ. ಪವರ್ ಸ್ಟೇರಿಂಗ್ ಇಲ್ಲದ ಗಾಡಿಯನ್ನು ತಿರುಗಿಸಲು ಉದ್ದ ಸನ್ನೆಕೋಲು ಬೇಕು, ಚಕ್ರದ ಅರೆವ್ಯಾಸವೇ ಆ ಸನ್ನೆಕೋಲು. 17 ಇಂಚಿನ ಚಕ್ರ ತೆಗೆದು 15 ಇಂಚಿನದು ಹಾಕಿದರೆ ತೊಡೆಯ ಮೇಲೆ ಒಂದಿಂಚು ಜಾಗ ಸಿಗುತ್ತದೆ, ಆದರೆ ಕೈಯ ಶ್ರಮ ನೂರಕ್ಕೆ 13ರಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡಾಗ ಆ ಹದಿಮೂರು ಮೂವತ್ತರಂತೆ ಅನ್ನಿಸೀತು. ಹಾಗಾಗಿ ಚಕ್ರ ಬದಲಿಸುವುದು ಕಡೆಯ ಉಪಾಯ. ಸ್ಟೇರಿಂಗ್ ಕೋಲನ್ನು ಡ್ಯಾಶ್‌ಬೋರ್ಡಿನ ಕೆಳಗೆ ಹಿಡಿದಿರುವ ಬ್ರಾಕೆಟ್ಟಿನಲ್ಲಿ ಒಂದೆರಡು ವಾಷರುಗಳಷ್ಟು ಏರಿಳಿಸುವ ಅವಕಾಶ ಎಷ್ಟೋ ಕಾರುಗಳಲ್ಲಿದೆ, ಮೊದಲು ಅದನ್ನು ನೋಡಬೇಕು. ಪೆಡಲುಗಳ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟು: ಬ್ರೇಕು, ಕ್ಲಚ್ಚುಗಳ ತೋಳನ್ನು ಬಗ್ಗಿಸುವುದು, ಕತ್ತರಿಸಿ ಬೆಸೆಯುವುದು ಯಾರು ಹೇಳಿದರೂ ಮಾಡಕೂಡದು. ಅದರ ಬದಲು ತೆಳು ಅಟ್ಟೆಯ, ಅಗಲ ಕಡಿಮೆಯ ಬೂಟು ಹಾಕಿಕೊಳ್ಳಿ. ಕ್ಲಚ್ಚಿನ ಎಡಕ್ಕೆ ಎಡಗಾಲು ಊರಲು ಒಂದು ಸಣ್ಣ ಮರದ ಮಣೆ ಇರಿಸಿ.

ಆ ಮಣೆ ಸಣ್ಣ ವಿಷಯವಲ್ಲ, ನನ್ನ ವಾದದ ನಡುಗಂಬವೇ ಅದು. ಕಾಲಿಡಲು ಜಾಗವಿಲ್ಲದ ಉದ್ದ ಕಾಲಿನವನು ಪಾದವನ್ನು ಕ್ಲಚ್ಚಿನ ಮೇಲೇ ಇಟ್ಟುಕೊಂಡಿರುತ್ತಾನೆ. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಕ್ಲಚ್ಚನ್ನು ಬಿಡಿಸುವ ಬೇರಿಂಗ್ ಗುಂಡುಗಳದಲ್ಲ, ಇಂಗಾಲದ ಬಿಲ್ಲೆಯದು. ಪಾದದ ಭಾರ ಸದಾ ಇದ್ದರೆ ಅದು ಸವೆದು ಹೋಗುತ್ತದೆ, ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಸೀಟಿನ ಮೇಲೆ ಸರಿಯಾಗಿ ಹತ್ತಿಳಿಯಲಾಗದವನು ಸ್ಟೇರಿಂಗ್ ಚಕ್ರಕ್ಕೆ ಜೋತುಬಿದ್ದು ಏಳುತ್ತಾನೆ, ಕೋಲಿನ ಬುಶ್ಶು ಸಡಿಲಾಗುತ್ತದೆ. ಮೊಣಕಾಲು ತೀರ ಮಡಚಿದ ಸ್ಥಿತಿಯಲ್ಲಿ ಕಾಲಿಗೆ ಒತ್ತುವ ಶಕ್ತಿ ಕಡಿಮೆ. ಸರ್ವೋ ಇಲ್ಲದ ಡ್ರಮ್ ಬ್ರೇಕಿಗೆ ಬೇಕಾದದ್ದು ಆ ಶಕ್ತಿಯೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಹೋಗುತ್ತದೆ. ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡ ಮೊಣಕಾಲು ಅರ್ಧ ಸೆಕೆಂಡ್ ತಡ ಮಾಡಿದರೂ 8 ಮೀಟರ್ ಕಳೆದುಹೋಯಿತು, ಎರಡು ಚಕ್ಕಡಿಗಳಷ್ಟು ದೂರ. ಕಾರನ್ನು ಇದ್ದಂತೆಯೇ ಉಳಿಸಬೇಕು ಎಂದು ಚಾಲಕನನ್ನು ಮುದುಡಿಸುವವರು ಕಾರಿನ ಒಳಗಿನ ಜೀವಾಳವನ್ನೇ ಸವೆಸುತ್ತಿರುತ್ತಾರೆ.

ಅಸಲಿತನ ಕೆಡುತ್ತದೆ ಎಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಹಳೆಯ ಕಾರು ಒಂದು ಕಾಲದ ದಾಖಲೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಲು ಜನ ಹೋಗುವುದು ಅವು ತಮ್ಮ ಕಾಲವನ್ನು ಹಾಗೇ ಹಿಡಿದಿಟ್ಟಿರುವುದರಿಂದ. ಆದರೆ ನಿಂತ ಕಾರಿಗೂ ಓಡುವ ಕಾರಿಗೂ ನಿಯಮ ಒಂದೇ ಆಗಲಾರದು. ಕೇಂದ್ರ ಸರಕಾರ 2021ರ ಜುಲೈನಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನ ವಿಂಟೇಜ್ ಎನ್ನಿಸಿಕೊಳ್ಳಬೇಕಾದರೆ ಅದರ ಮೂಲರೂಪ ಉಳಿದಿರಬೇಕು. ಯಾವುದನ್ನು ಮಾರ್ಪಡಿಸಬಾರದು ಎಂದು ಹೇಳುವಾಗ ನಿಯಮ ಎತ್ತಿ ಹೇಳುವುದು ಚಾಸಿಸ್, ಬಾಡಿ ಮತ್ತು ಎಂಜಿನ್‌ಗಳನ್ನು. ಬಿಚ್ಚಿ ಹಾಕಬಹುದಾದ ಗಾದಿಯನ್ನಾಗಲಿ, ಸೀಟಿನ ಕೆಳಗಿನ ಪಟ್ಟಿಯನ್ನಾಗಲಿ ಆ ಸಾಲಿಗೆ ಸೇರಿಸಲು ನನಗೆ ಕಾರಣ ಕಾಣುವುದಿಲ್ಲ. ಅನುಮಾನವಿದ್ದವರು ಕಲಬುರಗಿಯ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳುವುದು ಲೇಸು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಕೂಡ ಬಳಕೆಗೆ ಅಗತ್ಯವಾದ ಮಾರ್ಪಾಡುಗಳನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಅವು ಮತ್ತೆ ಮೊದಲಿನಂತೆ ಮಾಡಲು ಬರುವಂತಿರಲಿ, ತೆಗೆದ ಅಸಲು ಭಾಗಗಳು ವಾಹನದ ಜೊತೆಗೇ ಉಳಿಯಲಿ ಎಂಬುದು ಅದರ ಆಶಯ. ಅದಲ್ಲದೆ, ಐವತ್ತು ವರ್ಷದ ಕಾರಿನ ಗಾದಿ ಅಷ್ಟರಲ್ಲಿ ಮೂರು ನಾಲ್ಕು ಸಲ ಹೊಲಿಗೆ ಕಂಡಿರುತ್ತದೆ. ಯಾವ ಗಾದಿಯ ಅಸಲಿತನಕ್ಕಾಗಿ ಚಾಲಕನ ಬೆನ್ನನ್ನು ಬಲಿ ಕೊಡಬೇಕು?

ವರ್ಷಕ್ಕೆ ಎರಡು ಸಲ ಮದುವೆ, ಜಾತ್ರೆಗೆ ಹೊರಗೆ ಬರುವ ಗಾಡಿಗೆ ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಮೆರವಣಿಗೆಯಲ್ಲಿ ಗಾಡಿ ನಡೆಯುವುದು ಜನರ ನಡುವೆ, ಮಕ್ಕಳ ನಡುವೆ, ಮೊದಲ ಗೇರಿನಲ್ಲಿ. ಕ್ಲಚ್ಚು ಮತ್ತು ಬ್ರೇಕಿಗೆ ಅಲ್ಲಿರುವಷ್ಟು ಕೆಲಸ ಹೆದ್ದಾರಿಯಲ್ಲಿಲ್ಲ. ಇನ್ನೊಂದು ವಾದ ಸ್ವತಃ ಇಸಿಗೊನಿಸ್ ಅವರ ಹೆಸರಿನಲ್ಲಿ ಪ್ರಚಲಿತವಾಗಿದೆ: ಚಾಲಕನಿಗೆ ತುಸು ಅಸೌಖ್ಯವಿದ್ದರೆ ಅವನು ಎಚ್ಚರವಾಗಿರುತ್ತಾನೆ ಎಂದು. ಗಟ್ಟಿ ಸೀಟು ಎಚ್ಚರವಿರಿಸುತ್ತದೆ ಎಂಬಷ್ಟನ್ನು ಒಪ್ಪುತ್ತೇನೆ, ಮೇಲೆ ನಾನು ಹೇಳಿದ್ದೂ ಗಟ್ಟಿ ಗಾದಿಯನ್ನೇ. ಆದರೆ ನೋವು ಬೇರೆ. ನೋವಿರುವವನ ಗಮನ ರಸ್ತೆಯ ಮೇಲಿರುವುದಿಲ್ಲ, ನೋಯುವ ಜಾಗದ ಮೇಲಿರುತ್ತದೆ.

ಎಲ್ಲವನ್ನೂ ಮಾಡಿದ ಮೇಲೂ ಕೆಲವು ಕಾರುಗಳು ಕೆಲವರಿಗೆ ಹೊಂದುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1922ರಲ್ಲಿ ಬಂದ ಆಸ್ಟಿನ್ ಸೆವೆನ್ ಕಾರಿನ ಗಾಲಿಗಳ ನಡುವಿನ ಅಂತರ ಬರೀ 75 ಇಂಚು. ಆರಡಿ ಮೂರಿಂಚಿನವನು ಅದರ ಗಾಲಿಗಳ ನಡುವೆ ಮಲಗಿದರೆ ಅಷ್ಟಕ್ಕೆ ಅಷ್ಟು. ಅಂಥ ಕಾರಿನ ಒಡೆಯ ಎತ್ತರದವನಾಗಿದ್ದರೆ ಸ್ಟೇರಿಂಗನ್ನು ಮನೆಯ ಕುಳ್ಳಗಿನವರಿಗೆ ಕೊಡಲಿ. ಟಾಪನ್ನೇ ಬದಲಿಸಿದ ಉದಾಹರಣೆಯೂ ಇದೆ. ಎತ್ತರದ ಆಳಾಗಿದ್ದ ಅಮೆರಿಕದ ಡ್ಯಾನ್ ಗರ್ನಿಗೆ, ನೆಲದಿಂದ ಸುಮಾರು 40 ಇಂಚಷ್ಟೇ ಎತ್ತರದ ಫೋರ್ಡ್ ಜಿಟಿ ಕಾರಿನಲ್ಲಿ ಹೆಲ್ಮೆಟ್ ತಾಗುತ್ತಿತ್ತು. ಅವರ ತಲೆಗೆಂದೇ ಟಾಪಿನಲ್ಲಿ ಗುಳ್ಳೆಯಂಥ ಉಬ್ಬು ಮಾಡಿದರು, 1967ರಲ್ಲಿ ಅವರೂ ಎ. ಜೆ. ಫಾಯ್ಟ್ ಅವರೂ ಅದೇ ಕಾರಿನಲ್ಲಿ ಫ್ರಾನ್ಸಿನ ಲೆ ಮಾನ್ ರೇಸು ಗೆದ್ದರು. ಅದು ಹೊಸದಾಗಿ ಕಟ್ಟುತ್ತಿದ್ದ ರೇಸ್ ಕಾರು, ಓಡಿಸುವವನು ಯಾರೆಂದು ಮೊದಲೇ ಗೊತ್ತಿತ್ತು, ಆದ್ದರಿಂದ ಸರಿ. ಮತ್ತೆ ಎಂದೂ ಹುಟ್ಟದ ಹಳೆಯ ಕಾರಿನ ಟಾಪಿಗೆ ಕತ್ತರಿ ಹಾಕುವುದಕ್ಕೆ ಈ ಉದಾಹರಣೆ ಪರವಾನಗಿಯಲ್ಲ.

ಬರ ಕಂಡ ಸೀಮೆಯಲ್ಲಿ ಹಳೆಯ ಕಾರಿನ ಸುಖದ ಮಾತು ಬೇಕೇ ಎಂದು ಕೇಳಿದರೆ, ಈ ಮಾತು ಕಾರಿಗಷ್ಟೇ ಸೀಮಿತವಲ್ಲ ಎನ್ನುತ್ತೇನೆ. ತೊಗರಿ ಚೀಲ ಹೇರಿಕೊಂಡು ಬರುವ ಹಳೆಯ ಟ್ರ್ಯಾಕ್ಟರಿನ ಕಬ್ಬಿಣದ ತಟ್ಟೆಸೀಟಿನ ಮೇಲೆ ದಿನವಿಡೀ ಕೂರುವ ತರುಣನಿಗೂ ಜೀಪಿನ ಚಾಲಕನಿಗೂ ಲೆಕ್ಕ ಇದೇ: ಸೊಂಟದಿಂದ ಅಳೆ, ಗಾದಿಯಿಂದ ಶುರು ಮಾಡು, ಬಿಚ್ಚಲು ಬಾರದ್ದನ್ನು ಮಾಡಬೇಡ. ಒಂದು ಸಂಗತಿ ಮಾತ್ರ ಎಲ್ಲರೂ ಮರೆಯುವಂಥದ್ದು. ತೆಗೆದ ಹಳೆಯ ಚಾನಲ್, ಬೋಲ್ಟು, ಬಿಲ್ಲೆಗಳನ್ನು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟು, ಯಾವುದು ಎಲ್ಲಿಯದು, ಎಷ್ಟಿಂಚು ಸರಿಸಿದ್ದು ಎಂದು ಚೀಟಿ ಬರೆದು ಆ ಡಬ್ಬಿಯೊಳಗೇ ಇಡಬೇಕು. ಸ್ಪ್ರಿಂಗಿನ ಗಾದಿಯನ್ನು ಬಟ್ಟೆ ಸುತ್ತಿ ಅಟ್ಟದ ಮೇಲೆ ಏರಿಸಬೇಕು. ಇವತ್ತು ಆರಡಿಯ ತಂದೆಗೆಂದು ಹಿಂದೆ ಸರಿದ ಸೀಟನ್ನು ನಾಳೆ ಐದಡಿಯ ಮಗಳು ಮುಂದೆ ಎಳೆದುಕೊಳ್ಳಬೇಕಾದೀತು, ಆಗ ಅವಳು ಮೊದಲು ಹುಡುಕುವುದು ಆ ಚೀಟಿಯನ್ನೇ.